ಸೈಕಲ್ ಮೇಲೆ ಕೂತವರ ಅಳತೆ

ಆ ವರ್ಷ ಏಪ್ರಿಲ್ ಕೊನೆಯಲ್ಲಿ ನರ್ಸ್‌ಬಾಯಿ ಶಿರಸಿಯ ನನ್ನ ಹೊಲಿಗೆ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಹೊಸ ಬಟ್ಟೆ ಇರಲಿಲ್ಲ, ಒಂದು ಹಳೆಯ ಬಿಳಿ ಸೀರೆ ಇತ್ತು. ಅದನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಬಿಚ್ಚಿ ಹಾಸಿದರು. ಅಂಚಿನಿಂದ ಒಂದು ಮೊಳದಷ್ಟು ಸೀಳಿಹೋಗಿತ್ತು. ಸೀಳಿನ ಪಕ್ಕದಲ್ಲಿ ಸೈಕಲ್ ಚೈನಿನ ಗುರುತು, ಒಂದೇ ಅಂತರದಲ್ಲಿ, ಕರಿ ಎಣ್ಣೆಯಲ್ಲಿ ಅಚ್ಚೊತ್ತಿದ ಹಾಗೆ ಕೂತಿತ್ತು.

“ರಫು ಮಾಡಬೇಕಾ?” ಎಂದು ಕೇಳಿದೆ.

“ಇದನ್ನ ಏನೂ ಮಾಡಬ್ಯಾಡ್ರಿ. ಹ್ಯಾಂಗ ಹರದೈತಿ ಅಂತ ನೋಡ್ರಿ, ಅಷ್ಟ. ಮಳ್ಯಾಗ ಸೈಕಲ್ ಮ್ಯಾಲೆ ಹೋಗಾಕ ಬರೂವಂಥಾದ್ದು ಏನರ ಹೊಲದು ಕೊಡ್ರಿ.”

ಅವರು ಧಾರವಾಡದ ಕಡೆಯವರು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತಷ್ಟೆ. ಸಿದ್ದಾಪುರ ರಸ್ತೆಯ ಒಂದು ಹಳ್ಳಿಯಲ್ಲಿ ಹೆರಿಗೆ ನೋಡಿಕೊಳ್ಳುವ ಕೆಲಸಕ್ಕೆ ಅವರನ್ನು ಹಾಕಿದ್ದರು. ಜೊತೆಗೆ ನಡುವೆ ದಂಡಿ ಇಲ್ಲದ ಹೆಂಗಸರ ಸೈಕಲ್ಲು ಒಂದನ್ನು ಕೊಟ್ಟಿದ್ದರು. ಬೇಸಿಗೆಯಲ್ಲಿ ಅದರಿಂದ ಬಹಳ ಉಪಯೋಗವಾಗಿತ್ತು. ಸೆರಗು ಸೊಂಟಕ್ಕೆ ಬಿಗಿದು, ನೆರಿಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ಸಿಕ್ಕಿಸಿಕೊಂಡು ಹತ್ತಾರು ಹಳ್ಳಿ ತಿರುಗುತ್ತಿದ್ದರು. ಮಳೆ ಬಿದ್ದ ಮೇಲೆ ಅದೇ ಸೀರೆ ಕಾಲಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತಿತ್ತು. ಹಿಂದಿನ ಗಾಲಿಗೆ ಕಟ್ಟಿದ್ದ ದಾರದ ಬಲೆ ಮೊದಲ ತಿಂಗಳಲ್ಲೇ ಕೊಳೆತುಹೋಯಿತಂತೆ.

“ಇದು ಯಾವಾಗ ಹರಿದದ್ದು?” ಎಂದು ನನ್ನ ಹೆಂಡತಿ ಕೇಳಿದಳು. ಅಂಗಡಿಯಲ್ಲಿ ಹೆಂಗಸರ ಅಳತೆ ತೆಗೆಯುವುದು, ಕಾಜ ಮಾಡಿ ಗುಂಡಿ ಹಚ್ಚುವುದು ಅವಳ ಕೆಲಸ.

“ಹೋದ ಆಷಾಢದಾಗ” ಎಂದರು. ಸೀರೆಯನ್ನು ಮಡಚುತ್ತ ಹೇಳಿದರು. “ಒಂದು ಮನಿಗೆ ಹೆರಿಗಿಗೆ ಅಂತ ಹೊಂಟಿದ್ದೆ. ಮೋರಿ ಹತ್ರ ಸೀರಿ ಚೈನಿಗೆ ಸಿಕ್ಕು ಬಿದ್ದೆ. ಚೀಲ ನೀರಾಗ ಬಿತ್ತು. ಹತ್ತಿ, ಅರಿವಿ ಎಲ್ಲಾ ತೊಯ್ದವು. ಕೂಸು ಹುಟ್ಟಿತು, ಅಳಲಿಲ್ಲ. ಒರಸಿ ಬೆಚ್ಚಗ ಹಿಡೀಬೇಕಂದ್ರ ಒಣಾ ಅರಿವಿ ಒಂದೂ ಇರಲಿಲ್ಲ. ಆ ಮನ್ಯಾಗಿನ ಬಟ್ಟೀನೂ ಹಸೀನ.” ಮಡಿಕೆಯನ್ನು ಅಂಗೈಯಿಂದ ಒತ್ತಿದರು. “ಅದಕ್ಕ ಹೋತು ಅಂತ ಹೇಳಾಕ ಬರೂದಿಲ್ಲ. ಅದಕ್ಕಲ್ಲ ಅಂತನೂ ಹೇಳಾಕ ಬರೂದಿಲ್ಲ. ಆ ಮನಿಯವರು ನನಗ ಒಂದು ಮಾತು ಅನ್ನಲಿಲ್ಲ. ಅದ ಭಾಳ ಕಷ್ಟ ಆತು.”

ಈ ಮಳೆಗಾಲಕ್ಕೂ ಹಾಗೇ ಆದರೆ ಕೆಲಸ ಬಿಟ್ಟು ಊರಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ನಾನು ಹೊಲಿಯುತ್ತೇನೆ ಎಂದುಬಿಟ್ಟೆ. ಮಳೆಗೆ ಹಾಕುವ ಬಟ್ಟೆಯನ್ನು ಆವರೆಗೆ ಒಂದನ್ನೂ ಹೊಲಿದಿರಲಿಲ್ಲ.

ಮೊದಲು ಊರಿನಲ್ಲಿ ಜನ ಏನು ಹಾಕುತ್ತಾರೆಂದು ಗಮನಿಸತೊಡಗಿದೆ. ತಲೆಯ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ ಎಲ್ಲರ ಬಳಿಯೂ ಇತ್ತು. ನಡೆಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದು ತಾಸು ನೆನೆದ ಕಂಬಳಿ ಹೆಗಲ ಮೇಲೆ ಒಂದು ಮೂಟೆ ಅಕ್ಕಿಯಂತೆ ಕೂರುತ್ತದೆ. ಬಿದಿರು, ಎಲೆ ಹೆಣೆದ ಗೊರಬು ಗದ್ದೆಯಲ್ಲಿ ಬಗ್ಗಿ ನಿಂತವರಿಗೆ ಸರಿ, ಸೈಕಲ್ ಮೇಲೆ ಗಾಳಿ ಸಿಕ್ಕಿದರೆ ಹಾಯಿಯಂತೆ ಎತ್ತಿ ಒಗೆಯುತ್ತದೆ. ಕೊಡೆ ಹಿಡಿದರೆ ಬ್ರೇಕಿಗೆ ಒಂದೇ ಕೈ ಉಳಿಯುತ್ತದೆ. ಆಗ ಯಲ್ಲಾಪುರದ ಕಟ್ಟಿಗೆ ಡಿಪೋದ ಗುಮಾಸ್ತರೊಬ್ಬರು ಮುಂಬಯಿಯಿಂದ ತರಿಸಿದ ರಬ್ಬರಿನ ಕೋಟನ್ನು ಗುಂಡಿ ಹಚ್ಚಲು ನನ್ನಲ್ಲಿ ಬಿಟ್ಟಿದ್ದರು. ಮಳೆಗಾಲ ಶುರುವಾದ ಮೇಲೆ ಬಂದು ಒಯ್ಯುತ್ತೇನೆ ಎಂದಿದ್ದರು. ಅದನ್ನು ಒಳಹೊರಗೆ ತಿರುವಿ ಹೊಲಿಗೆಯನ್ನೆಲ್ಲ ನೋಡಿದೆ. ಕೋಟು ಎಂದರೆ ಹೀಗೇ ಇರಬೇಕು ಎಂದುಕೊಂಡೆ. ಅದು ನನ್ನ ಮೊದಲ ತಪ್ಪು.

ಬಟ್ಟೆಗೆ ಎಣ್ಣೆ ಹಾಕುವ ವಿಚಾರ ನನಗೆ ಹೇಳಿದವನು ಬೋರ್ಡು ಬರೆಯುವ ಪೇಂಟರ್. ಅಗಸೆ ಎಣ್ಣೆಯನ್ನು ಕಾಯಿಸಿ, ಸ್ವಲ್ಪ ಜೇನುಮೇಣ ಕರಗಿಸಿ, ಮಾಂಜರಪಾಟು ಎಂಬ ಒರಟು ಹತ್ತಿ ಬಟ್ಟೆಗೆ ತೆಳ್ಳಗೆ ಬಳಿಯಬೇಕು. ಒಣಗಿದ ಮೇಲೆ ಇನ್ನೊಂದು ಸಲ, ಅದು ಒಣಗಿದ ಮೇಲೆ ಮತ್ತೊಂದು ಸಲ. ಮೂರು ಕೈ ಆದ ಮೇಲೆ ಬಟ್ಟೆಯ ಮೇಲೆ ನೀರು ನಿಲ್ಲುವುದಿಲ್ಲ, ಉರುಳುತ್ತದೆ. ಒಂದೊಂದು ಕೈಗೂ ಎರಡು ಮೂರು ದಿನ ಒಳ್ಳೆಯ ಬಿಸಿಲು ಬೇಕು.

ಮೇ ತಿಂಗಳ ಮೊದಲ ವಾರ ಎಂಟು ಗಜಕ್ಕೆ ಎರಡು ಕೈ ಮುಗಿಸಿದೆ. ಮೂರನೆಯ ಕೈ ಬಳಿದು ಅಂಗಡಿಯ ಹಿಂದೆ ಹಗ್ಗಕ್ಕೆ ಹಾಕಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ಗುಡುಗು ಕೇಳಿ ಗಡಿಬಿಡಿಯಲ್ಲಿ ಬಟ್ಟೆಯನ್ನೆಲ್ಲ ಎಳೆದು, ಎಂದಿನ ಅಭ್ಯಾಸದಂತೆ ನಾಲ್ಕು ಮಡಿಕೆ ಮಾಡಿ, ಕಪಾಟಿನ ಕೆಳಗಿನ ಹಲಗೆಯಲ್ಲಿ ಒತ್ತಿ ಇಟ್ಟು ಊಟಕ್ಕೆ ಹೋದೆ. ಮಳೆ ನಾಲ್ಕು ಹನಿ ಬಿದ್ದು ನಿಂತಿತು.

ಊಟ ಮಾಡಿ ಬಂದು ಬಾಗಿಲು ತೆಗೆದಾಗ ಸುಟ್ಟ ವಾಸನೆ. ಇಸ್ತ್ರಿ ಪೆಟ್ಟಿಗೆ ನೋಡಿದೆ, ಅದರಲ್ಲಿ ಕೆಂಡವೇ ಇರಲಿಲ್ಲ. ಹೊಗೆ ಕಪಾಟಿನಿಂದ ಬರುತ್ತಿತ್ತು. ಎಣ್ಣೆ ಬಟ್ಟೆಯ ಮಡಿಕೆಯನ್ನು ಮುಟ್ಟಿದರೆ ಕೈ ಚುರುಗುಟ್ಟಿತು. ಎಳೆದು ಹೊರಗೆ ಎಸೆದೆ. ಮಡಿಕೆ ಬಿಚ್ಚಿಕೊಂಡು ಗಾಳಿ ಸೋಕಿದ್ದೇ ತಡ, ನಡುವೆ ಕೆಂಪಗೆ ಹೊತ್ತಿಕೊಂಡಿತು. ಕೊಡದ ನೀರು ಸುರಿದು ಆರಿಸಿದೆ. ಕಪಾಟಿನ ಮೇಲಿನ ಹಲಗೆಯಲ್ಲಿ ಒಂದು ಮದುವೆ ಮನೆಯ ರವಿಕೆಗಳೆಲ್ಲ ಇದ್ದವು. ಇನ್ನು ಅರ್ಧ ತಾಸು ತಡವಾಗಿದ್ದರೆ ಅಂಗಡಿಯೇ ಉಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಪೇಂಟರ್ ಬಂದು ಸುಟ್ಟ ಬಟ್ಟೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. “ಮಡಚಿದ್ಯಾ? ಹಸಿ ಅಗಸೆ ಎಣ್ಣೆ ಬಟ್ಟೆ ಮಡಚಿದ್ರೆ ತನ್ನಷ್ಟಕ್ಕೇ ಬಿಸಿಯಾಗ್ತದೆ ಮಾರಾಯ. ನಾನು ಕೈ ಒರಸೋ ಚಿಂದಿನೂ ಬಿಡಿಸಿ ಹಾಕ್ತೇನೆ. ಇದನ್ನ ಹೇಳಬೇಕು ಅಂತ ನಂಗೆ ತಲೆಗೇ ಬರಲಿಲ್ಲ ನೋಡು.”

ಹೆಂಡತಿ ಸುಟ್ಟ ಜಾಗವನ್ನು ಕತ್ತರಿಸಿ ತೆಗೆದಳು. ಎಂಟು ಗಜದಲ್ಲಿ ಒಂದೂವರೆ ಗಜ ಮಾತ್ರ ಉಳಿಯಿತು. ಅವಳು ಬೈಯಲಿಲ್ಲ. ಆದರೆ, “ಇನ್ನು ಮೇಲೆ ಆ ಎಣ್ಣೆ ಈ ಅಂಗಡಿಯೊಳಗೆ ಬರುದು ಬೇಡ” ಎಂದಳು.

ಹೊಸ ಬಟ್ಟೆ ತಂದು ಮತ್ತೆ ಶುರು ಮಾಡಿದಾಗ ಮೇ ಅರ್ಧ ಕಳೆದಿತ್ತು. ಸಂಜೆ ಸಂಜೆ ಮಳೆ ಹೊಡೆಯತೊಡಗಿತ್ತು. ಬಿಸಿಲನ್ನು ನಂಬುವಂತಿರಲಿಲ್ಲ. ಕೊನೆಗೆ ಊರ ಹೊರಗಿನ ಅಕ್ಕಿ ಗಿರಣಿಯ ಫಿಟ್ಟರನ್ನು ಕೇಳಿಕೊಂಡೆ. ಬಾಯ್ಲರಿನ ಪಕ್ಕದ ತಗಡಿನ ಛಾವಣಿಯ ಕೆಳಗೆ ಯಾವಾಗಲೂ ಬಿಸಿ ಗಾಳಿ. ಬೆಂಕಿಯ ಬಾಯಿಂದ ದೂರದಲ್ಲಿ, ಗೋಡೆಯಿಂದ ಗೋಡೆಗೆ ತಂತಿ ಕಟ್ಟಿ, ಒಂದು ಪದರಕ್ಕೆ ಇನ್ನೊಂದು ತಗುಲದಂತೆ ಬಟ್ಟೆ ಬಿಟ್ಟೆವು. ದಿನಕ್ಕೆ ಮೂರು ಸಲ ಹೋಗಿ ಮುಟ್ಟಿ ನೋಡಿ ಬರುತ್ತಿದ್ದೆ. ಹನ್ನೆರಡನೆಯ ದಿನ ಬಟ್ಟೆ ಜೇನಿನ ಬಣ್ಣಕ್ಕೆ ತಿರುಗಿ, ಅಂಟು ಹೋಗಿ, ಬೆರಳಿನಿಂದ ತಟ್ಟಿದರೆ ಹಪ್ಪಳದಂತೆ ಸದ್ದು ಮಾಡಿತು. ಮೇಲೆ ಒಂದು ಲೋಟ ನೀರು ಸುರಿದೆ. ಹನಿ ಹನಿಯಾಗಿ ಉರುಳಿ ಹೋಯಿತು. ಫಿಟ್ಟರ್ ಚಪ್ಪಾಳೆ ಹೊಡೆದ.

ಕೋಟು ಕತ್ತರಿಸಿದೆ. ಮಾಂಜರಪಾಟಿನ ಅಗಲ ಸಾಲುವುದಿಲ್ಲ, ಎಲ್ಲೋ ಒಂದು ಕಡೆ ಜೋಡಿಸಲೇಬೇಕು. ಜೋಡಿಸಿದಲ್ಲಿ ಸೂಜಿಯ ತೂತು, ತೂತಿನಲ್ಲಿ ನೀರು. ಹಾಗಾಗಿ ಮಾಡಿನ ಹಂಚನ್ನು ನೋಡಿ ಹೊಲಿದೆ. ಮೇಲಿನ ತುಂಡು ಕೆಳಗಿನದರ ಮೇಲೆ ಎರಡು ಬೆರಳು ಇಳಿದು ಕೂರಬೇಕು, ಹೊಲಿಗೆ ಆ ಮಡಿಕೆಯ ಅಡಿಯಲ್ಲಿ ಅಡಗಬೇಕು. ಮೇಲೆ ಬಿಸಿ ಮೇಣ ಉಜ್ಜಿದೆ. ತೋಳು, ಕಾಲರು, ತಲೆಗೆ ಕುಂಚಿಗೆ, ಹಿಂದೆ ಸೀಳು, ಎಲ್ಲ ಆ ಮುಂಬಯಿ ಕೋಟಿನ ಹಾಗೆಯೇ. ಹೆಂಡತಿ ತೆಗೆದ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಜೂನ್ ಮೊದಲ ವಾರ ಒಂದು ಮಳೆಯ ಬೆಳಿಗ್ಗೆ ನರ್ಸ್‌ಬಾಯಿ ಅದನ್ನು ಹಾಕಿಕೊಂಡು ಬೀದಿಯಲ್ಲಿ ಸೈಕಲ್ ಹತ್ತಿದರು. ನಿಂತಾಗ ಏನು ಚೆಂದ ಇತ್ತು! ಕೂತ ಕೂಡಲೇ ಮುಂಭಾಗ ಮೇಲಕ್ಕೆ ಸರಿದು ತೊಡೆಯ ಮೇಲೆ ತೊಟ್ಟಿಯಾಯಿತು. ಅದರಲ್ಲಿ ನೀರು ತುಂಬಿತು. ಪೆಡಲ್ ತುಳಿದಂತೆಲ್ಲ ಆ ನೀರು ಚಳ್ ಚಳ್ ಎಂದು ಹೊಟ್ಟೆಗೆ ಹೊಡೆಯುತ್ತಿತ್ತು. ಕೈ ಮುಂದೆ ಚಾಚಿದ್ದರಿಂದ ತೋಳು ಮೊಣಕೈವರೆಗೆ ಏರಿತು. ಬೆನ್ನು ಬಿಗಿಯಿತು. ಬೀದಿಯ ತುದಿಯಲ್ಲಿ ತಿರುಗುವಾಗ ಹಿಂದಿನಿಂದ ಬಸ್ಸು ಹಾರ್ನ್ ಮಾಡಿತು. ಅವರು ಹಿಂತಿರುಗಿ ನೋಡಿದರು. ತಲೆ ಮಾತ್ರ ತಿರುಗಿತು, ಕುಂಚಿಗೆ ತಿರುಗಲಿಲ್ಲ. ಕಣ್ಣಿಗೆ ಬಟ್ಟೆ ಅಡ್ಡ ಬಂದು ಸೈಕಲ್ಲನ್ನು ಗಟಾರದ ಅಂಚಿಗೆ ಇಳಿಸಿಬಿಟ್ಟರು. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಸರಿಹೋಯಿತು.

ನಡೆದುಕೊಂಡು ಬಂದು ಕೋಟು ಬಿಚ್ಚಿದರು. ಒಳಗೆ ಬೆವರಿನಿಂದ ರವಿಕೆ ತೊಯ್ದುಹೋಗಿತ್ತು. ಚೈನಿಗೆ ಈ ಸಲವೂ ಸೀರೆಯ ಅಂಚು ಸಿಕ್ಕಿತ್ತು.

“ನೀವು ಭಾಳ ದುಡದೀರಿ. ನನ್ನ ಹಣೇಬರಾನ ಇಷ್ಟು, ಬಿಡ್ರಿ” ಎಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆಗ ಅಂಗಡಿಯಲ್ಲಿ ಒಬ್ಬರು ಹೆಗಡೆಯವರು ಅಂಗಿ ಒಯ್ಯಲು ಬಂದು ಬೆಂಚಿನ ಮೇಲೆ ಕೂತಿದ್ದರು. ನನಗೆ ವರ್ಷಗಳ ಪರಿಚಯದ ಹಿರಿಯರು. ಎಲ್ಲವನ್ನೂ ನೋಡಿದ್ದರು.

“ಆ ಚೀಲ ಎಂತಕ್ಕೆ ತಲೆಗೆ ಹಾಕಿದ್ದೆ ಮಾರಾಯ?” ಎಂದರು. “ಎಂಗಳ ಆಳು ಹಾಳೆ ಟೊಪ್ಪಿ ಹಾಕ್ಕಂಡು ಮಳೆಲಿ ಮರ ಹತ್ತತಾ. ತಲೆ ತಿರುಗಿದ್ರೆ ಟೊಪ್ಪಿನೂ ತಿರುಗ್ತು. ಕಣ್ಣಿಗೆ, ಕೆಮಿಗೆ ಎಂತೂ ಅಡ್ಡ ಇಲ್ಲೆ. ನಾಳೆ ಒಂದು ಕಳಿಸಿಕೊಡ್ತೆ, ನೋಡು.” ಅಂಗಿ ತೆಗೆದುಕೊಂಡು ಎದ್ದವರು ಮತ್ತೆ ನಿಂತರು. “ಮತ್ತೆ, ಅವಕ್ಕೆ ಎಂತ ಒದ್ದೆ ಆಪ್ಪಲಾಗ ಹೇಳಿ ಕೇಳಿದ್ಯ? ಪೂರಾ ಒಣಗಿದ್ದಂಗೇ ಇರವು ಅಂದ್ರೆ ಮನೇಲಿ ಕೂರವು.”

ಏನು ಒದ್ದೆಯಾಗಬಾರದು ಎಂಬ ಆ ಮಾತು ನನ್ನ ತಲೆಯಲ್ಲಿ ಕೂತಿತು. ನರ್ಸ್‌ಬಾಯಿಯನ್ನು ಕೇಳಿದೆ, “ಬಾಯಿಯವರೇ, ನೀವು ಹೋಗಿ ಮುಟ್ಟಿದಾಗ ಏನು ಒಣಗಿರಲೇಬೇಕು?”

ಅವರು ಯೋಚಿಸಲೇ ಇಲ್ಲ. “ಚೀಲ. ಆಮ್ಯಾಲೆ ನನ್ನ ಕೈ, ಎದಿ ಬೆಚ್ಚಗಿರಬೇಕು. ಕೈ ಸೆಟದುಕೊಂಡ್ರ ಕೆಲಸ ಆಗೂದಿಲ್ಲ.”

“ಕಾಲು?”

“ಕಾಲು ತೊಯ್ದ್ರ ಏನಾಗ್ತದ? ಹೆಂಗೂ ತೊಳಕೊಂಡ ಒಳಗ ಹೋಗೂದು.”

ಅಷ್ಟು ದಿನ ಮಳೆಯನ್ನು ಪೂರ್ತಿ ಹೊರಗಿಡುವ ಕೋಟು ಹೊಲಿಯಲು ಹೊರಟಿದ್ದೆ. ಅದು ಬೇಕಾಗಿಯೇ ಇರಲಿಲ್ಲ. ಇನ್ನೊಂದು ತಪ್ಪೂ ಆಗ ಹೊಳೆಯಿತು. ನಾವು ಅಳತೆ ತೆಗೆದದ್ದು ನಿಂತ ಮನುಷ್ಯರದ್ದು. ಸೈಕಲ್ ಮೇಲೆ ಯಾರೂ ನಿಂತಿರುವುದಿಲ್ಲ.

ಅಂಗಡಿಯ ಒಳಗೇ ಸೈಕಲ್ ತಂದು ಸ್ಟ್ಯಾಂಡ್ ಹಾಕಿದೆವು. ನರ್ಸ್‌ಬಾಯಿ ಹತ್ತಿ ಕೂತು ಹ್ಯಾಂಡಲ್ ಹಿಡಿದರು. ಹೆಂಡತಿ ಟೇಪು ಹಿಡಿದು ಕುತ್ತಿಗೆಯ ಹಿಂಭಾಗದಿಂದ ಸೀಟಿನ ಹಿಂದಿನವರೆಗೆ, ಕುತ್ತಿಗೆಯ ಮುಂಭಾಗದಿಂದ ಹ್ಯಾಂಡಲಿಗೆ ಕಟ್ಟಿದ ಚೀಲದ ಮೇಲೆ ಹಾದು ಅದರಾಚೆಯವರೆಗೆ ಅಳೆದು ಹೇಳಿದಳು. ನಾನು ಬೆನ್ನು ತಿರುಗಿಸಿ ನಿಂತು ಬರೆದುಕೊಂಡೆ. ಮುಂಭಾಗದ ಅಳತೆ ಹಿಂಭಾಗದ್ದಕ್ಕಿಂತ ಒಂದು ಗೇಣು ಉದ್ದ ಬಂತು. ಹೀಗೆ ಬಂದ ಅಳತೆಯನ್ನು ನನ್ನ ಕಸುಬಿನಲ್ಲಿ ಅದೇ ಮೊದಲು ಬರೆದದ್ದು.

ಬೇಕಾದದ್ದು ಕೋಟಲ್ಲ. ನಡುವೆ ಕುತ್ತಿಗೆಗೆ ತೂತು ಇರುವ ಒಂದು ದೊಡ್ಡ ಹೊದಿಕೆ. ಮುಂದೆ ಅದು ಹ್ಯಾಂಡಲನ್ನೂ ಚೀಲವನ್ನೂ ಮುಚ್ಚಿ ಇಳಿಜಾರಾಗಿ ನಿಲ್ಲಬೇಕು, ಆಗ ತೊಡೆಯ ಮೇಲೆ ನೀರು ನಿಲ್ಲುವುದಿಲ್ಲ. ಕೆಳಗೆ ಪೂರಾ ತೆರೆದಿರುವುದರಿಂದ ಗಾಳಿ ಆಡುತ್ತದೆ, ಬೆವರುವುದಿಲ್ಲ. ಆದರೆ ಎಣ್ಣೆ ಹಾಕಿದ ಬಟ್ಟೆ ಉಳಿದಿದ್ದು ಮೊದಲ ಸಲದ ಒಂದೂವರೆ ಗಜ ಮತ್ತು ಆ ಕೋಟು, ಅಷ್ಟೇ. ಜೂನ್ ಬಂದಾಗಿತ್ತು. ಗಿರಣಿಯೂ ಮಳೆಗಾಲಕ್ಕೆ ನಿಂತಿತ್ತು. ಕೋಟನ್ನು ಬಿಚ್ಚಿದರೆ ಕೋಟೂ ಇಲ್ಲ, ಹೊದಿಕೆಯೂ ಸರಿಬಾರದಿದ್ದರೆ ಏನೂ ಇಲ್ಲ.

ಎರಡು ದಿನ ಅದನ್ನು ಗೂಟಕ್ಕೆ ತೂಗುಹಾಕಿ ನೋಡುತ್ತ ಕೂತಿದ್ದೆ. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಕತ್ತರಿಯನ್ನು ತಂದು ನನ್ನ ಮುಂದೆ ಇಟ್ಟಳು. ಕತ್ತರಿಸಿದೆ.

ತೋಳುಗಳನ್ನು ಬಿಡಿಸಿ, ಬಿಚ್ಚಿ, ಎರಡು ಪಕ್ಕಕ್ಕೆ ಅಗಲ ಕೊಟ್ಟೆ. ಉಳಿದ ಒಂದೂವರೆ ಗಜ ಮುಂಭಾಗಕ್ಕೆ ಹೋಯಿತು. ಹಳೆಯ ಹೊಲಿಗೆಯ ತೂತುಗಳು ಎರಡೂ ಹೆಗಲಿನ ಮೇಲೆ ಉಳಿದವು. ಅಲ್ಲಿಗೆ ಒಳಗೊಂದು ಹೊರಗೊಂದು ತೇಪೆ ಕೊಟ್ಟು ಮೇಣ ತುಂಬಿದೆ. ಗಾಳಿಗೆ ಹಾರದಂತೆ ಮುಂದಿನ ಅಂಚಿನ ಒಳಗೆ ಹೆಬ್ಬೆರಳು ಸಿಕ್ಕಿಸಲು ಎರಡು ಕುಣಿಕೆ, ಹಿಂಭಾಗ ಸೊಂಟಕ್ಕೆ ಕಟ್ಟಲು ಒಂದು ಲಾಡಿ. ಕುತ್ತಿಗೆಗೆ ಎತ್ತರದ ಪಟ್ಟಿ.

ಉಳಿದದ್ದು ಸೀರೆಯ ಪ್ರಶ್ನೆ. ಮೊಣಕಾಲ ಕೆಳಗೆ ಬಿಗಿಯಾಗಿ ನಿಲ್ಲುವ ಇಜಾರ ಹೊಲಿಯುತ್ತೇನೆ ಎಂದಾಗ ನರ್ಸ್‌ಬಾಯಿ ನಕ್ಕೇ ಬಿಟ್ಟರು. “ಇಜಾರ ಹಾಕ್ಕೊಂಡು ಹೋದ್ರ ನನ್ನನ್ನ ಬಾಗಲದಾಗ ನಿಲ್ಲಸ್ತಾರ್ರೀ. ಮುದುಕ್ಯಾರು ಒಳಗ ಬಿಟ್ಟಾರ?”

“ಹೆರಿಗೆ ಮಾಡಿಸುವಾಗ ಬಿಳಿ ಗೌನು ಹಾಕ್ತೀರಲ್ಲ, ಅದು ಎಲ್ಲಿವರೆಗೆ ಬರ್ತದೆ?” ಎಂದು ಹೆಂಡತಿ ಕೇಳಿದಳು.

“ಮೊಣಕಾಲ ತನಕ.”

“ಹಿಮ್ಮಡಿವರೆಗೆ ಮಾಡಿಕೊಡ್ತೇವೆ. ಜಗಲಿಯಲ್ಲೇ ಹಾಕ್ಕೊಂಡು ಒಳಗೆ ಹೋಗಿ. ಒಳಗೆ ಎಂತ ಇದೆ ಅಂತ ಯಾರು ನೋಡ್ತಾರೆ?”

ನರ್ಸ್‌ಬಾಯಿ ಒಮ್ಮೆ ತಮ್ಮ ಸೀರೆಯ ನೆರಿಗೆ ನೋಡಿಕೊಂಡರು. ಆಮೇಲೆ, “ಹೊಲೀರಿ” ಎಂದರು.

ಬಿಳಿ ಗೌನು ಎರಡು, ಕಂದು ಗೆರೆಯ ಇಜಾರ ಒಂದು, ಮೇಲೆ ಉದ್ದ ತೋಳಿನ ಅಂಗಿ ಒಂದು. ಕಾಲಿಗೆ ಟೈರಿನ ಚಪ್ಪಲಿಯನ್ನು ಅವರೇ ಕೊಂಡುಕೊಂಡರು. ಹೆಗಡೆಯವರು ಹೇಳಿದ ಮಾತಿಗೆ ತಪ್ಪದೆ ಅಡಿಕೆ ಹಾಳೆಯ ಟೊಪ್ಪಿ ಕಳಿಸಿದ್ದರು. ಗದ್ದಕ್ಕೆ ಕಟ್ಟಿಕೊಳ್ಳಲು ಅದಕ್ಕೊಂದು ದಾರ ಹಚ್ಚಿದೆ.

ಎಲ್ಲ ಮುಗಿಯುವ ಹೊತ್ತಿಗೆ ಆಷಾಢ ಬಂದಿತ್ತು. ತಿಂಗಳ ಔಷಧಿ ತೆಗೆದುಕೊಳ್ಳಲು ನರ್ಸ್‌ಬಾಯಿ ಶಿರಸಿಗೆ ಬಂದ ದಿನ ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಸೈಕಲ್ಲಿನಲ್ಲೇ ಬಂದಿದ್ದರು. ಔಷಧಿಯನ್ನು ಹೆರಿಗೆ ಚೀಲಕ್ಕೇ ತುಂಬಿಕೊಂಡು ಅಂಗಡಿಗೆ ಬಂದು, ಒಳಗೆ ಹೋಗಿ ಹೊಸ ಬಟ್ಟೆ ತೊಟ್ಟು ನೋಡುತ್ತಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಅದೇ ಹೊತ್ತಿಗೆ ಕಂಬಳಿ ಕೊಪ್ಪೆ ಹಾಕಿದ ಒಬ್ಬ ಮನುಷ್ಯ ಅಂಗಡಿಯ ಬಾಗಿಲಿಗೆ ಬಂದು ನಿಂತ. ಔಷಧಿ ಕೊಡುವಲ್ಲಿ ವಿಚಾರಿಸಿಕೊಂಡು ಬಂದಿದ್ದನಂತೆ.

“ಬಾಯೋರು ಇಲ್ಲಿದಾರಾ? ಬೆಳಗಿಂದ ಹೆರಿಗೆ ಬ್ಯಾನೆ ತಿಂತಾ ಅದೆ ನಮ್ಮನೇದು. ಬಸ್ಸಿಗೆ ಬಂದೆ. ಇನ್ನೊಂದು ಬಸ್ಸು ಮಧ್ಯಾಹ್ನದ ಮೇಲೇ ಅಂತೆ.”

ನರ್ಸ್‌ಬಾಯಿ ಒಳಗಿನಿಂದ ಬಂದು ಅವನನ್ನು ನೋಡಿದವರೇ ನಿಂತುಬಿಟ್ಟರು. ಅವನೂ ತಲೆ ತಗ್ಗಿಸಿದ. ನನಗೆ ತಿಳಿಯಿತು. ಹೋದ ವರ್ಷದ ಆ ಮನೆಯವನು ಇವನೇ.

“ಆಕಿಗೆ ನೀರು ಹೋಗೇತೇನು?” ಎಂದು ನರ್ಸ್‌ಬಾಯಿ ಕೇಳಿದರು.

“ನಾನು ಹೊರಡೂ ಹೊತ್ತಿಗೆ ಹೋಗಿರ್ಲಿಲ್ಲ.”

ಅವರು ಹೊಸ ಬಿಳಿ ಗೌನನ್ನು ಚೀಲಕ್ಕೆ ತುರುಕಿದರು. ಚೀಲವನ್ನು ಹ್ಯಾಂಡಲಿಗೆ ಕಟ್ಟಿದರು. ಹೊದಿಕೆ ಹಾಕಿ, ಲಾಡಿ ಕಟ್ಟಿ, ಟೊಪ್ಪಿಯ ದಾರ ಬಿಗಿದು, ಹೆಬ್ಬೆರಳುಗಳನ್ನು ಕುಣಿಕೆಗೆ ಸಿಕ್ಕಿಸಿ ಹೊರಟರು. ಹೆಗಲಿನ ತೇಪೆಗೆ ಇನ್ನೂ ಮಳೆ ತಗುಲಿರಲಿಲ್ಲ. ಇನ್ನೊಂದು ಸಲ ಮೇಣ ಉಜ್ಜುವುದಿತ್ತು. ಕೂಗಿ ಹೇಳೋಣವೆಂದರೆ ಆಗಲೇ ಬೀದಿಯ ತುದಿ ಮುಟ್ಟಿದ್ದರು.

“ನೀವೂ ಹೋಗಿ” ಎಂದಳು ಹೆಂಡತಿ. “ದಾರಿಯಲ್ಲಿ ಬಿದ್ದರೆ ಎತ್ತಲಿಕ್ಕೆ ಒಬ್ಬರಾದ್ರೂ ಬೇಕು. ಅವನನ್ನೂ ಕೂರಿಸಿಕೊಂಡು ಹೋಗಿ.”

ಪಕ್ಕದ ಅಂಗಡಿಯಿಂದ ಬಾಡಿಗೆ ಸೈಕಲ್ ತೆಗೆದುಕೊಂಡೆ. ಗಿರಾಕಿ ಬಿಟ್ಟುಹೋದ ಬಟ್ಟೆಯನ್ನು ಹಾಕಿಕೊಳ್ಳುವುದು ದರ್ಜಿಗೆ ಸಲ್ಲದ ಕೆಲಸ. ಆದರೂ ಯಲ್ಲಾಪುರದ ಗುಮಾಸ್ತರು ಇನ್ನೂ ಒಯ್ಯದಿದ್ದ ರಬ್ಬರ್ ಕೋಟನ್ನು ಹಾಕಿಕೊಂಡೆ. ಆ ಮನುಷ್ಯ ಒದ್ದೆ ಕಂಬಳಿಯೊಂದಿಗೆ ಹಿಂದಿನ ಕ್ಯಾರಿಯರ್ ಮೇಲೆ ಕೂತ. ಮುಂದಿನ ಗಾಲಿ ಮೇಲೆದ್ದ ಹಾಗಾಯಿತು.

ಆರು ಮೈಲಿ ರಸ್ತೆ, ಆಮೇಲೆ ಒಂದೂವರೆ ಮೈಲಿ ಗಾಡಿ ದಾರಿ. ಮೊದಲ ಏರು ಮುಗಿಯುವಷ್ಟರಲ್ಲಿ ಕೋಟಿನೊಳಗೆ ಸ್ನಾನ ಮಾಡಿದ್ದೆ. ತೊಡೆಯ ಮೇಲೆ ಕೆರೆ ಕಟ್ಟಿತ್ತು. ನರ್ಸ್‌ಬಾಯಿ ಎರಡು ಫರ್ಲಾಂಗ್ ಮುಂದೆ ಇದ್ದರು. ಗಾಳಿ ಅಡ್ಡ ಹೊಡೆದಾಗ ಹೊದಿಕೆ ಒಮ್ಮೆ ಉಬ್ಬುತ್ತಿತ್ತು, ಕುಣಿಕೆ ಎಳೆದು ಮತ್ತೆ ಕೂರುತ್ತಿತ್ತು. ಎದುರಿನಿಂದ ಲಾರಿ ಬಂದಾಗ ಅವರ ತಲೆ ಈಚೆ ತಿರುಗಿ, ಆಚೆ ತಿರುಗಿ ನೋಡಿದ್ದು ನನಗೆ ಕಾಣಿಸಿತು. ಟೊಪ್ಪಿಯಿಂದ ನೀರು ಬೆನ್ನಿನ ಮೇಲೆ ಧಾರೆಯಾಗಿ ಬಿದ್ದು ಹೊದಿಕೆಯಿಂದ ಜಾರಿ ಹೋಗುತ್ತಿತ್ತು.

“ಮೋರಿ ಬಂತು” ಎಂದ ಹಿಂದೆ ಕೂತವನು.

ಹಳ್ಳಕ್ಕೆ ಅಡ್ಡ ಕಟ್ಟಿದ ಆ ಮೋರಿಯ ಮೇಲೆ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ನರ್ಸ್‌ಬಾಯಿ ಸೈಕಲ್ಲಿನಿಂದ ಇಳಿದರು. ಸೀರೆ ಇಲ್ಲದ್ದರಿಂದ ಎತ್ತಿ ಕಟ್ಟುವ ಗೋಜಿಲ್ಲ. ಹ್ಯಾಂಡಲ್ ಹಿಡಿದು ನೀರಿನಲ್ಲಿ ನೇರ ನಡೆದು ದಾಟಿದರು, ಆಚೆ ಮತ್ತೆ ಹತ್ತಿದರು. ಹಿಂದೆ ನಾವಿಬ್ಬರೂ ಉಸಿರು ಬಿಟ್ಟದ್ದು ಒಟ್ಟಿಗೇ. ನಾವು ದಾಟುವಾಗ ಕೋಟಿನ ಅಂಚು ನೀರಿಗೆ ಸಿಕ್ಕಿ ನಾನು ಮುಗ್ಗರಿಸಿದೆ, ಅವನು ಹಿಡಿದುಕೊಂಡ. ಆಮೇಲೆ ಅವರು ನಮಗೆ ಕಾಣಲಿಲ್ಲ.

ನಾವು ಆ ಮನೆ ಮುಟ್ಟುವ ಹೊತ್ತಿಗೆ ಸೈಕಲ್ಲು ಗೋಡೆಗೆ ಒರಗಿತ್ತು. ಹೊದಿಕೆ ಜಗಲಿಯ ಗೂಟದಲ್ಲಿ ನೀರು ಸುರಿಸುತ್ತ ತೂಗುತ್ತಿತ್ತು. ಒಂದು ಮುದುಕಿ ಬಿಸಿನೀರಿನ ತಪ್ಪಲೆ ಹಿಡಿದು ಒಳಗೆ ಓಡುತ್ತಿದ್ದಳು. ತೆರೆದ ಬಾಗಿಲಲ್ಲಿ ಒಂದು ಕ್ಷಣ ಬಿಳಿ ಗೌನು ಕಂಡಿತು, ಹಿಮ್ಮಡಿವರೆಗೆ. ಬಾಗಿಲು ಮುಚ್ಚಿತು.

ಅವನೂ ನಾನೂ ಜಗಲಿಯಲ್ಲಿ ಕೂತೆವು. ಕೋಟಿನ ತೋಳಿನಿಂದ ನೀರು ಇಳಿಯುತ್ತಿತ್ತು, ಬಿಚ್ಚಬೇಕೆಂದು ತೋಚಲಿಲ್ಲ. ಒಳಗಿನಿಂದ ನರಳಾಟ, ನರ್ಸ್‌ಬಾಯಿಯ ಮಾತು, “ಹೂಂ, ಇನ್ನೊಂದು ಸಲ, ಇನ್ನೊಂದ ಸಲ ತಾಯಿ.” ಅದೂ ನಿಂತಿತು. ಮಳೆಯ ಸದ್ದೊಂದೇ ಉಳಿಯಿತು. ಅವನು ಕಂಬದ ಮೇಲೆ ಹಣೆ ಇಟ್ಟ. ಆ ಹೊತ್ತು ಎಷ್ಟೆಂದು ನಾನು ಹೇಳಲಾರೆ. ಒಳಗೆ ಬಟ್ಟೆಯಿಂದ ಏನನ್ನೋ ತಿಕ್ಕುವ ಸದ್ದು ಕೇಳುತ್ತಿತ್ತು, ಬಿಡದೆ, ಒಂದೇ ಸಮನೆ. ಹೆಗಲಿನ ಆ ತೇಪೆ ಸೋರಿದ್ದರೆ, ಚೀಲದ ಬಟ್ಟೆ ಒದ್ದೆಯಾಗಿದ್ದರೆ ಎಂಬುದೊಂದೇ ನನ್ನ ತಲೆಯಲ್ಲಿ.

ಆಮೇಲೆ ಮಗು ಅತ್ತಿತು. ಮೊದಲು ಬೆಕ್ಕಿನ ಮರಿಯಂತೆ ಒಂದು ಸಲ. ನಿಂತು, ಮತ್ತೆ, ಸಿಟ್ಟು ಬಂದವರ ಹಾಗೆ ಗಂಟಲು ಬಿಟ್ಟು.

ಅವನು ಕಂಬ ಬಿಟ್ಟು ನೆಲದ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ. ಮುದುಕಿ ಬಂದು ಅವನ ತಲೆ ಸವರಿ, “ಹೆಣ್ಣು ಕಣಾ. ಗಟ್ಟಿ ಅದೆ” ಎಂದು ಹೇಳಿ ಮತ್ತೆ ಒಳಗೆ ಹೋದಳು.

ನರ್ಸ್‌ಬಾಯಿ ಹೊರಗೆ ಬಂದಾಗ ಅವರ ಹಣೆಯಲ್ಲಿ ಬೆವರಿತ್ತು. ಜಗಲಿಯ ಅಂಚಿನಲ್ಲಿ ಕೂತು ಕೈ ತೊಳೆದರು. ಮೆಲ್ಲಗೆ ಕೇಳಿದೆ, “ಹೆಗಲಿನಲ್ಲಿ ಸೋರಿತಾ?”

“ಎಲ್ಲಿ?” ಎಂದರು ಅವರು.

“ತೇಪೆ ಹಾಕಿದಲ್ಲಿ.”

ಅವರು ತಮ್ಮ ಹೆಗಲನ್ನು ಮುಟ್ಟಿ ನೋಡಿಕೊಂಡರು. “ಗೊತ್ತಿಲ್ಲರಿ. ಮೋರಿ ದಾಟಿದ ಮ್ಯಾಲೆ ಅದನ್ನ ಹಾಕ್ಕೊಂಡೀನಿ ಅನ್ನೂದ ಮರತಿದ್ದೆ.” ಆಮೇಲೆ ನಕ್ಕರು. ಏಪ್ರಿಲ್‌ನಿಂದ ಈಚೆಗೆ ಅವರು ಹಾಗೆ ಹಗುರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ವರ್ಷ ಮಂಚಿಕೇರಿಯ ಕಡೆಯ ನರ್ಸೊಬ್ಬರಿಗೆ, ದಾಸನಕೊಪ್ಪದ ಒಬ್ಬ ಅಂಚೆಯವನಿಗೆ ಅಂಥದೇ ಹೊಲಿದುಕೊಟ್ಟೆ. ಎಲ್ಲರನ್ನೂ ಸೈಕಲ್ ಮೇಲೆ ಕೂರಿಸಿಯೇ ಅಳತೆ ತೆಗೆದೆ. ಕೋಟು ಒಯ್ಯಲು ಆ ಆಷಾಢದಲ್ಲೇ ಬಂದ ಯಲ್ಲಾಪುರದ ಗುಮಾಸ್ತರಿಗೆ ವಿಷಯ ಹೇಳಿ ಕ್ಷಮೆ ಕೇಳಿದ್ದೆ. ಅವರು ಮಗುವಿನ ಸುದ್ದಿ ಕೇಳಿ ಗುಂಡಿಯ ಕೂಲಿ ಕೊಟ್ಟು ಹೋದರು.

ಮಗು ಹುಟ್ಟಿದ ಆ ದಿನ ನಾನು ಶಿರಸಿಗೆ ಮರಳಿದ್ದು ಸಂಜೆಯ ಹೊತ್ತಿಗೆ. ದಾರಿಯುದ್ದಕ್ಕೂ ಮಳೆ. ಕೋಟನ್ನು ಸುತ್ತಿ ಕ್ಯಾರಿಯರಿಗೆ ಕಟ್ಟಿ, ಬರೀ ಅಂಗಿಯಲ್ಲಿ ನೆನೆಯುತ್ತ ಬಂದೆ. ಇಳಿಜಾರಿನಲ್ಲಿ ಕಾಲು ಎತ್ತಿ ಬಿಟ್ಟು ಗಾಲಿ ಉರುಳಿದ ಹಾಗೆ ಉರುಳಲು ಬಿಟ್ಟೆ. ಅಂಗಡಿಯ ಬಾಗಿಲಲ್ಲಿ ಹೆಂಡತಿ ಟವೆಲ್ ಹಿಡಿದು ನಿಂತಿದ್ದಳು. ಸೈಕಲ್ಲಿನಿಂದ ಇಳಿಯಲೂ ಬಿಡದೆ ಕೇಳಿದಳು, “ಮಗು?”

“ಅತ್ತಿತು” ಎಂದೆ. “ಜೋರಾಗಿ ಅತ್ತಿತು.”